ನ್ಯೂಟ್ರಲ್ ಇಲ್ಲದ ಬೋರ್ಡಿಗೆ ಸ್ಮಾರ್ಟ್ ಸ್ವಿಚ್: ದಾವಣಗೆರೆಯ ಹಳೇ ಮನೇಲಿ ಹಾಕಿಸಿದ ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ಡಬ್ಬದ ಮೇಲೆ "ನೋ ನ್ಯೂಟ್ರಲ್", ಅಂದ್ರೆ ಬೋರ್ಡಲ್ಲಿ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ವೈರು) ಇಲ್ದಿದ್ರೂ ನಡೆಯುತ್ತೆ ಅಂತ ದೊಡ್ಡದಾಗಿ ಬರ್ದಿರೋ ಸ್ಮಾರ್ಟ್ ಸ್ವಿಚ್ ಮಾಡ್ಯೂಲ್ ಕೆಟ್ಟ ಮಾಲೇನಲ್ಲ, ಹೇಳಿದ ಕೆಲಸ ಮಾಡುತ್ತೆ, ಆದ್ರೆ ಅದು ನಿಮ್ಮನೇಗೆ ಬೇಕಾಗೋದು ಬಹುಶಃ ಮೂಲೇಲಿರೋ ಒಂದೆರಡು ಬೋರ್ಡಿಗೆ ಮಾತ್ರ. ಹಳೇ ಮನೆ ಅಂದ್ರೆ ನ್ಯೂಟ್ರಲ್ ಇರಲ್ಲ, ಎಲ್ಲಾ ಕಡೆ ಇದನ್ನೇ ಹಾಕ್ಬೇಕು ಅಂತ ಅಂಗಡಿಯವ್ರೂ ಹೇಳ್ತಾರೆ, ವಿಡಿಯೋದವ್ರೂ ಹೇಳ್ತಾರೆ. ಅದರಲ್ಲಿ ಅರ್ಧ ಸುಳ್ಳು. ನಾನು ಕೊಡೋ ಮಾರ್ಕ್ಸು ಐದಕ್ಕೆ ಮೂರೂವರೆ, ಆ ಒಂದೂವರೆ ಯಾಕೆ ಕಟ್ ಮಾಡ್ದೆ ಅನ್ನೋದು ಕೆಳಗೈತೆ.

ನಮ್ಮದು ವಿನೋಬನಗರದಲ್ಲಿ ಊರಿನ ಹತ್ತಿ ಮಿಲ್ಲುಗಳು ಇನ್ನೂ ಓಡ್ತಿದ್ದ ಕಾಲದ ಮನೆ. ಮೊದ್ಲು ಮರದ ಬೋರ್ಡು, ಕರೀ ಬೇಕಲೈಟ್ ಸ್ವಿಚ್ಚು ಇತ್ತು, ಆಮೇಲೆ ಪೇಂಟ್ ಮಾಡ್ಸೋವಾಗ ಅಪ್ಪಾಜಿ ಮಾಡ್ಯುಲರ್ ಸ್ವಿಚ್ ಹಾಕಿಸಿದ್ರು, ಒಳಗಿನ ವೈರು ಮಾತ್ರ ಹಳೇದೇ. ಹೊರಗಿಂದ ನೋಡಿದ್ರೆ ಹೊಸಾ ಮನೆ ಬೋರ್ಡ್ ತರ ಕಾಣುತ್ತೆ, ಸ್ಕ್ರೂ ಬಿಚ್ಚಿದ್ರೆ ಒಳಗೆ ಎಲ್ಲಾ ವೈರೂ ಕೆಂಪೇ! ನಮಗೆ ಬೇಕಾಗಿದ್ದು ತುಂಬಾ ಸಿಂಪಲ್. ಪೋರ್ಟಿಕೋ ಲೈಟು ಸಂಜೆ ತಾನೇ ಹತ್ಬೇಕು ಬೆಳಗ್ಗೆ ತಾನೇ ಆರ್ಬೇಕು, ಮೆಟ್ಟಿಲ ಲೈಟು ಅಮ್ಮ ಟೆರೇಸಿಗೆ ಹೋಗೋವಾಗ ಕತ್ತಲಲ್ಲಿ ತಡಕಾಡದಂಗೆ ಹತ್ಬೇಕು, ಮತ್ತೆ ಗೋಡೆ ಮೇಲಿನ ಸ್ವಿಚ್ಚು ಎಂದಿನಂಗೇ ಕೆಲಸ ಮಾಡ್ಬೇಕು, ಯಾಕಂದ್ರೆ ನಮ್ಮನೇಲಿ ಲೈಟ್ ಹಾಕೋಕೆ ಫೋನ್ ತಗಿಯೋರು ನನ್ ಬಿಟ್ರೆ ಬೇರೆ ಯಾರೂ ಇಲ್ಲ. ಅದಕ್ಕೇ ಟಚ್ ಗ್ಲಾಸ್ ಪ್ಯಾನಲ್ ಬೇಡ ಅಂತ ಸ್ವಿಚ್ಚಿನ ಹಿಂದೆ ಕೂರೋ ಸಣ್ಣ ಮಾಡ್ಯೂಲ್ ತಗೊಂಡ್ವಿ. ಬ್ರ್ಯಾಂಡ್ ಹೆಸರು ಹಾಕಲ್ಲ, ಈ ಮಾಲಲ್ಲಿ ಒಳಗಿನ ಸರ್ಕ್ಯೂಟ್ ಒಂದೇ ಇದ್ರೂ ಹೊರಗೆ ನಾನಾ ಹೆಸರಲ್ಲಿ ಮಾರಾಟ ಆಗ್ತವೆ, ಹೆಸರು ಹೇಳಿದ್ರೂ ನಿಮಗೆ ಸಿಗೋದು ಬೇರೇನೇ ಆಗಿರ್ಬಹುದು.

ಈಗ ಮುಖ್ಯ ವಿಷ್ಯ. ನಮ್ಮ ಕಡೆ ವೈರಿಂಗ್ ಮಾಡೋ ರೀತಿ ಹೆಂಗಂದ್ರೆ ಫೇಸ್ (ಕರೆಂಟ್ ತರೋ ವೈರು) ಬೋರ್ಡಿಗೆ ಬರುತ್ತೆ, ಅಲ್ಲಿ ಒಂದ್ ಸ್ವಿಚ್ಚಿಂದ ಇನ್ನೊಂದಕ್ಕೆ ಲೂಪ್ ಆಗುತ್ತೆ, ಪ್ರತಿ ಸ್ವಿಚ್ಚಿಂದ ಒಂದೊಂದು ವೈರು ಲೈಟಿಗೋ ಫ್ಯಾನಿಗೋ ಹೋಗುತ್ತೆ, ನ್ಯೂಟ್ರಲ್ ಮಾತ್ರ ಮೇಲಿಂದ ಮೇಲೇನೇ ಲೈಟಿಗೆ ಸೇರ್ಕೊಳುತ್ತೆ, ಸ್ವಿಚ್ಚಿಗೆ ಅದರ ಅಗತ್ಯಾನೇ ಇಲ್ಲ. ಸಾದಾ ಸ್ವಿಚ್ಚು ಬರೀ ದಾರಿ ಕಟ್ ಮಾಡೋದು ಸೇರ್ಸೋದು ಅಷ್ಟೇ ಅಲ್ವಾ. ಸ್ಮಾರ್ಟ್ ಸ್ವಿಚ್ಚಿಗೆ ಹಂಗಲ್ಲ, ಒಳಗೆ ರೇಡಿಯೋ ಐತೆ, ರಿಲೇ (ಕರೆಂಟಿಂದ ಓಡೋ ಸ್ವಿಚ್ಚು) ಐತೆ, ಅದು ದಿನದ ಇಪ್ಪತ್ನಾಲ್ಕು ಗಂಟೆನೂ ಎದ್ದಿರ್ಬೇಕು, ಅದಕ್ಕೆ ಕರೆಂಟ್ ಬೇಕಂದ್ರೆ ಫೇಸ್ ಜೊತೆ ನ್ಯೂಟ್ರಲ್ಲೂ ಬೇಕು. ಇಲ್ಲಿವರೆಗೆ ಎಲ್ರೂ ಹೇಳ್ತಾರೆ. ಹೇಳ್ದೇ ಇರೋದು ಏನಂದ್ರೆ, ನಮ್ಮ ದೇಶದ ಬೋರ್ಡಲ್ಲಿ ಸ್ವಿಚ್ಚಿನ ಪಕ್ಕದಲ್ಲೇ ಪ್ಲಗ್ ಪಾಯಿಂಟ್ ಇರುತ್ತೆ, ಮೊಬೈಲ್ ಚಾರ್ಜ್ ಹಾಕ್ತೀರಲ್ಲ ಅದೇ, ಆ ಪ್ಲಗ್ಗಿಗೆ ನ್ಯೂಟ್ರಲ್ ಇಲ್ದೇ ಕರೆಂಟ್ ಬರೋಕೆ ಸಾಧ್ಯನೇ ಇಲ್ಲ. ಅಂದ್ರೆ ಪ್ಲಗ್ ಇರೋ ಬೋರ್ಡಿಗೆಲ್ಲಾ ನ್ಯೂಟ್ರಲ್ ಬಂದೇ ಬಂದಿರುತ್ತೆ, ಅಲ್ಲಿ ಕಮ್ಮಿ ರೇಟಿನ, ಜಾಸ್ತಿ ಗಟ್ಟಿ ಇರೋ ಸಾದಾ ಮಾಡ್ಯೂಲೇ ಹಾಕ್ಬಹುದು. ನೋ ನ್ಯೂಟ್ರಲ್ ಅನ್ನೋ ಗಲಾಟೆ ಜಾಸ್ತಿ ಬಂದಿರೋದೇ ಹೊರದೇಶದ ಮನೆಗಳಿಂದ, ಅಲ್ಲಿ ಸ್ವಿಚ್ ಡಬ್ಬ ಬೇರೆ ಪ್ಲಗ್ ಡಬ್ಬ ಬೇರೆ. ನಮ್ಮನೇಲಿ ಹಾಲು, ಬೆಡ್‌ರೂಮು, ಅಡುಗೆಮನೆ ಎಲ್ಲಾದ್ರಲ್ಲೂ ಪ್ಲಗ್ ಇತ್ತು. ಪ್ಲಗ್ ಇಲ್ದೇ ಬರೀ ಸ್ವಿಚ್ ಇದ್ದದ್ದು ಪೋರ್ಟಿಕೋ, ಬಾತ್‌ರೂಮ್ ಹೊರಗಡೆದು, ಮೆಟ್ಟಿಲಿನ ಕೆಳಗೆ ಮತ್ತೆ ಮೇಲೆ, ದೇವರಮನೆ. ಅಷ್ಟೇ.

ನಮ್ ಎಲೆಕ್ಟ್ರಿಷಿಯನ್ ನಿಟುವಳ್ಳಿ ಕಡೆ ಹುಡುಗ, ವಯಸ್ಸಲ್ಲಿ ಸಣ್ಣೋನು ಆದ್ರೆ ಕೈ ಶುದ್ಧ. ಬಂದೋನೇ ಮೊದ್ಲು ಪೇಟೇಲಿ ಏನೇನ್ ತಂದಿದೀರಿ ಅಂತ ಕೇಳ್ಲಿಲ್ಲ, "ಅಣ್ಣ, ಮೇನ್ ಆಫ್ ಮಾಡಿ, ಎಲ್ಲಾ ಬೋರ್ಡು ಬಿಚ್ಚಿ ನೋಡೋಣ, ಆಮೇಲೆ ಯಾವ್ದ್ ಬೇಕು ಹೇಳ್ತೀನಿ" ಅಂದ. ಇಂಥೋನ್ ಸಿಗೋದು ಕಷ್ಟ. ಇವ್ನಿಗಿಂತ ಮುಂಚೆ ವಿಚಾರಿಸಿದ್ದ ಇನ್ನೊಬ್ಬ, ಹೆಸರು ಬೇಡ, "ನ್ಯೂಟ್ರಲ್ ಇಲ್ಲಾಂದ್ರೆ ಏನಾಯ್ತು ಸಾರ್, ಅರ್ತ್ ವೈರ್ ಐತಲ್ಲ, ಅದಕ್ಕೇ ಕೊಟ್ರಾಯ್ತು, ವರ್ಕ್ ಆಗ್ತತೆ" ಅಂದಿದ್ದ. ವರ್ಕ್ ಆಗುತ್ತೆ ನಿಜ, ಅದೇ ಅಪಾಯ. ಅರ್ತ್ ಇರೋದು ಕರೆಂಟ್ ವಾಪಸ್ ಹೋಗೋಕಲ್ಲ, ಮಿಕ್ಸಿ ಗ್ರೈಂಡರ್ ಬಾಡಿಗೆ ಕರೆಂಟ್ ಬಂದ್ರೆ ಜೀವ ಉಳಿಸೋಕೆ. ಅದರಲ್ಲಿ ದಿನಾ ಕರೆಂಟ್ ಹರಿಸಿ, ಯಾವತ್ತೋ ಮನೆ ಹಿಂದಿನ ಅರ್ತಿಂಗ್ ಗುಂಡಿ ಒಣಗಿಯೋ ವೈರ್ ತುಕ್ಕು ಹಿಡಿದೋ ಕನೆಕ್ಷನ್ ಬಿಟ್ಕೊಂಡ್ರೆ, ಫ್ರಿಡ್ಜು ಗೀಸರ್ ಬಾಡಿಗೆಲ್ಲಾ ಆ ಮಾಡ್ಯೂಲ್ ಮೂಲಕ ಕರೆಂಟ್ ಬಂದು ಕೂರುತ್ತೆ. ಮನೇಲಿ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ಲೈನ್ ಕಟ್ ಮಾಡೋ ಸ್ವಿಚ್ಚು) ಇದ್ರೆ ಅದಕ್ಕೂ ಈ ಕಳ್ಳದಾರಿ ಲೀಕೇಜ್ ಅಂತಾನೇ ಕಾಣೋದು, ಇವತ್ತಲ್ಲ ನಾಳೆ ಪದೇ ಪದೇ ಟ್ರಿಪ್ ಆಗೋಕೆ ಶುರುವಾಗುತ್ತೆ, ಯಾಕಂತ ಹುಡುಕೋಕೆ ತಲೆ ಕೆಡುತ್ತೆ. ಯಾರಾದ್ರೂ ಹಿಂಗ್ ಹೇಳಿದ್ರೆ ಟೀ ಕುಡ್ಸಿ ಕಳ್ಸಿಬಿಡಿ.

ಇನ್ನೊಂದ್ ವಿಷ್ಯ, ಮೀಟರ್ ಇಟ್ಕೊಂಡು ನಾವೇ ನೋಡ್ತೀವಿ ಅನ್ನೋರಿಗೆ. ಫೇಸಿಗೂ ನ್ಯೂಟ್ರಲ್ಲಿಗೂ ಮಧ್ಯೆ 230 ವೋಲ್ಟ್ ಆಸುಪಾಸು ತೋರ್ಸುತ್ತೆ, ಫೇಸಿಗೂ ಅರ್ತಿಗೂ ಮಧ್ಯೆನೂ ಅಷ್ಟೇ ತೋರ್ಸುತ್ತೆ. ಅದಕ್ಕೇ ಬರೀ ವೋಲ್ಟೇಜ್ ನೋಡಿ ಇದು ನ್ಯೂಟ್ರಲ್ ಅಂತ ತೀರ್ಮಾನ ಮಾಡೋಕಾಗಲ್ಲ. ಹೊಸ ಮನೇಲಿ ಕಪ್ಪು ನ್ಯೂಟ್ರಲ್ಲು, ಹಸಿರು ಅರ್ತು, ಕೆಂಪು ಹಳದಿ ನೀಲಿ ಫೇಸು ಅಂತ ನಂಬ್ಬಹುದು, ನಮ್ಮಂಥ ಮನೇಲಿ ಬಣ್ಣ ನಂಬಿದ್ರೆ ಮುಗೀತು ಕಥೆ. ಹುಡುಗ ಮಾಡಿದ್ದು, ಮೇನ್ ಆಫ್ ಮಾಡಿ ಡಿಬಿಲಿ (ಮನೆಗೆಲ್ಲಾ ಕರೆಂಟ್ ಹಂಚೋ ಡಬ್ಬ) ನ್ಯೂಟ್ರಲ್ ವೈರ್ ಬಿಚ್ಚಿ, ಮೀಟರಲ್ಲಿ ಕಂಟಿನ್ಯುಟಿ (ಎರಡು ತುದಿ ಒಂದೇ ವೈರಿಂದಾ ಅನ್ನೋ ಪರೀಕ್ಷೆ) ಹಾಕಿ ಒಂದೊಂದೇ ಗುರ್ತು ಮಾಡಿ ಟೇಪ್ ಸುತ್ತಿದ. ಹಂಗ್ ನೋಡೋವಾಗ ಬಾತ್‌ರೂಮ್ ಲೈಟಿನ ಸ್ವಿಚ್ಚು ಫೇಸ್ ಬದ್ಲು ನ್ಯೂಟ್ರಲ್ಲನ್ನ ಕಟ್ ಮಾಡ್ತಿತ್ತು ಅಂತ ಗೊತ್ತಾಯ್ತು, ಅಂದ್ರೆ ಇಷ್ಟ್ ವರ್ಷ ಸ್ವಿಚ್ ಆಫ್ ಮಾಡಿ ಬಲ್ಬ್ ಬದಲಾಯಿಸೋವಾಗೆಲ್ಲಾ ಹೋಲ್ಡರಲ್ಲಿ ಫೇಸ್ ಹಂಗೇ ಇತ್ತು. ಸ್ಮಾರ್ಟ್ ಸ್ವಿಚ್ ನೆಪದಲ್ಲಿ ಅದೊಂದು ಸರಿಹೋಯ್ತಲ್ಲ, ನನಗಂತೂ ದುಡ್ಡು ಅಲ್ಲೇ ವಸೂಲಾಯ್ತು.

ಸರಿ, ಈಗ ಪೋರ್ಟಿಕೋಗೆ ಹಾಕಿದ ನೋ ನ್ಯೂಟ್ರಲ್ ಮಾಡ್ಯೂಲ್. ಇದಕ್ಕೆ ಫೇಸ್ ಒಂದ್ ಕಡೆ, ಲೈಟಿಗೆ ಹೋಗೋ ವೈರ್ ಇನ್ನೊಂದ್ ಕಡೆ, ಉಳಿದೆರಡು ಟರ್ಮಿನಲ್ಲಿಗೆ ಹಳೇ ಸ್ವಿಚ್ಚಿಂದ ಎರಡು ವೈರು. ನ್ಯೂಟ್ರಲ್ ಇಲ್ದೇ ಹೆಂಗ್ ಬದುಕುತ್ತೆ ಅಂದ್ರೆ, ಲೈಟ್ ಆಫ್ ಇದ್ದಾಗಲೂ ಬಲ್ಬಿನ ಮೂಲಕವೇ ಒಂಚೂರು ಕರೆಂಟ್ ಬಿಟ್ಕೊಂಡು ತನ್ನ ಹೊಟ್ಟೆ ತುಂಬ್ಸ್ಕೊಳುತ್ತೆ. ಹಳೇ 60 ವ್ಯಾಟ್ ಗುಂಡು ಬಲ್ಬ್ ಕಾಲದಲ್ಲಿ ಇದು ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ, ಅಷ್ಟ್ ಕರೆಂಟಿಗೆ ತಂತಿ ಕೆಂಪಾಗೋದೂ ಇಲ್ಲ. ಎಲ್‌ಇಡಿ ಬಲ್ಬ್ ಹಂಗಲ್ಲ, ಅದರೊಳಗೆ ಇರೋ ಕೆಪಾಸಿಟರ್ ಆ ಚೂರು ಚೂರು ಕರೆಂಟನ್ನ ಕೂಡಿಟ್ಕೊಂಡು, ತುಂಬಿದ ತಕ್ಷಣ ಪಳಕ್ ಅಂತ ಒಂದ್ಸಲ ಹತ್ತಿ ಆರುತ್ತೆ, ಮತ್ತೆ ಕೂಡಿಡುತ್ತೆ, ಮತ್ತೆ ಪಳಕ್. ಕೆಲವು ಬಲ್ಬು ಮಿಣುಕಲ್ಲ, ರಾತ್ರಿಯಿಡೀ ಮಂಕಾಗಿ ಉರೀತಾ ಇರ್ತವೆ. ನಮ್ಮ ಪೋರ್ಟಿಕೋಲಿ 9 ವ್ಯಾಟ್ ಬಲ್ಬು ರಾತ್ರಿ ಆಫ್ ಮಾಡಿದ್ ಮೇಲೂ ಮಿಣಕ್ ಮಿಣಕ್ ಅಂತ, ಅಮ್ಮ ನೋಡಿ "ಏನ್ ತಮ್ಮಾ ಇದು, ದೆವ್ವದ ಮನೆ ಲೈಟ್ ಆದಂಗ್ ಆಗೇತಲ್ಲ" ಅಂತ ಹುಡುಗನಿಗೇ ಕೇಳಿದ್ರು.

ಇದಕ್ಕೆ ಮದ್ದು ಬೈಪಾಸ್ ಅಂತ ಒಂದು ಸಣ್ಣ ಬಿಳೀ ಡಬ್ಬಿ, ಎರಡೇ ವೈರು, ಉಲ್ಟಾ ಸೀದಾ ಇಲ್ಲ. ಒಳಗಿರೋದು ಮುಖ್ಯವಾಗಿ ಕೆಪಾಸಿಟರ್. ಇದನ್ನ ಹಾಕ್ಬೇಕಾಗಿರೋದು ಸ್ವಿಚ್ ಹತ್ರ ಅಲ್ಲ, ಲೈಟ್ ಹತ್ರ, ಹೋಲ್ಡರಿನ ಎರಡು ತುದಿಗೆ ಬಲ್ಬಿಗೆ ಸಮಾನಾಂತರವಾಗಿ. ಲೀಕೇಜ್ ಕರೆಂಟು ಬಲ್ಬೊಳಗೆ ಹೋಗ್ದೇ ಇದರಲ್ಲಿ ಹಾದು ಹೋಗುತ್ತೆ, ಮಿಣುಕೋದು ನಿಂತ್ಹೋಗುತ್ತೆ. ನಮ್ದೂ ನಿಂತಿತು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಲೈಟು ಸ್ಲ್ಯಾಬಿಗೆ ಹತ್ತಿಕೊಂಡಿರೋ ಫಿಟಿಂಗ್ ಆಗಿದ್ರೆ ಏಣಿ ಹತ್ತಿ ಬಿಚ್ಚಿ ಒಳಗೆ ಜಾಗ ಮಾಡಿ ಕೂರಿಸ್ಬೇಕು, ಗೋಡೆ ಬ್ರ್ಯಾಕೆಟ್ ಲೈಟಲ್ಲಿ ಜಾಗಾನೇ ಇರಲ್ಲ. ಈ ಬೈಪಾಸ್ ಕೆಲವು ಡಬ್ಬದಲ್ಲಿ ಕೊಟ್ಟಿರ್ತಾರೆ ಕೆಲವದರಲ್ಲಿ ಕೊಡಲ್ಲ, ಕೊಡದೇ ಇರೋದು ನನ್ನ ಪ್ರಕಾರ ಮೋಸಕ್ಕೆ ಸಮ, ಈಗ ಯಾರ ಮನೇಲಿ ಗುಂಡು ಬಲ್ಬ್ ಐತೆ ಹೇಳಿ. ನಮ್ಮ ಡಬ್ಬದಲ್ಲಿ ಇರ್ಲಿಲ್ಲ. ಅರ್ಧ ಮಾರ್ಕ್ಸ್ ಅಲ್ಲಿ ಹೋಯ್ತು.

ಲೈಟ್ ಆನ್ ಇದ್ದಾಗ ಇನ್ನೊಂದ್ ತಮಾಷೆ. ಆಗ ಮಾಡ್ಯೂಲ್ ಫೇಸನ್ನ ಪೂರ್ತಿ ಲೈಟಿಗೆ ಬಿಟ್ಟುಕೊಟ್ರೆ ತನಗೇನೂ ಉಳಿಯಲ್ಲ, ಅದಕ್ಕೇ ಲೈಟಿಗೆ ಹೋಗೋ ಕರೆಂಟಲ್ಲೇ ಒಂದು ಸಣ್ಣ ಪಾಲು ಕದ್ದುಕೊಳುತ್ತೆ. ಲೈಟು ತೀರಾ ಸಣ್ಣದಾದ್ರೆ ಕದಿಯೋಕೂ ಏನೂ ಸಿಗಲ್ಲ. ಸ್ಪೆಕ್ಸಲ್ಲಿ ಮಿನಿಮಮ್ ಲೋಡ್ ಅಂತ ಮೂರು ವ್ಯಾಟೋ ಐದು ವ್ಯಾಟೋ ಹಾಕಿರ್ತಾರಲ್ಲ, ಅದು ಇದಕ್ಕೇ. ದೇವರಮನೆ ಅರ್ಧ ವ್ಯಾಟಿನ ಜೀರೋ ಬಲ್ಬಿಗೆ ಹಾಕಿ ನೋಡಿದ್ವಿ, ಸ್ವಿಚ್ಚು ಆನ್ ಮಾಡಿದ್ರೆ ಟಿಕ್ ಅಂತದೆ, ಆ್ಯಪ್ಪಲ್ಲಿ ಮಾಯ, ಮತ್ತೆ ಬರುತ್ತೆ, ಮತ್ತೆ ಟಿಕ್. ತೆಗೆದು ಹಳೇ ಸ್ವಿಚ್ಚೇ ಹಾಕಿದ್ವಿ, ದೇವರಿಗೆ ಸ್ಮಾರ್ಟ್ ಲೈಟ್ ಯಾಕೆ ಅಂದ್ರು ಅಪ್ಪಾಜಿ, ಅದೂ ಸರಿನೇ. ಬಾತ್‌ರೂಮಲ್ಲಿ 20 ವ್ಯಾಟ್ ಎಲ್‌ಇಡಿ ಬ್ಯಾಟನ್ ಐತೆ, ಅಲ್ಲಿ ಬೈಪಾಸ್ ಕೂಡ ಬೇಡ, ಒಂದ್ ಚೂರೂ ತೊಂದ್ರೆ ಇಲ್ಲ.

ಇದರಿಂದ ಬರೋ ಇನ್ನೊಂದು ಪರಿಣಾಮ ಅಂಗಡೀಲಿ ಯಾರೂ ಹೇಳಲ್ಲ. ಬಲ್ಬೇ ಸ್ವಿಚ್ಚಿನ ಊಟದ ದಾರಿ ಆಗಿರೋದ್ರಿಂದ ಬಲ್ಬ್ ಸುಟ್ರೆ ಸ್ವಿಚ್ಚೂ ಸತ್ತಂಗೆ, ಆ್ಯಪ್ಪಲ್ಲಿ ಆಫ್‌ಲೈನ್ ಅಂತ ತೋರ್ಸುತ್ತೆ, ನೀವು ಹಬ್ (ಸ್ವಿಚ್ಚುಗಳನ್ನ ಆ್ಯಪ್ಪಿಗೆ ಜೋಡಿಸೋ ಡಬ್ಬಿ) ರೀಸ್ಟಾರ್ಟ್ ಮಾಡ್ತಾ ಕೂರ್ತೀರಿ. ಮೊದ್ಲು ಬಲ್ಬ್ ಬದಲಾಯಿಸಿ ನೋಡಿ. ಬೈಪಾಸ್ ಹಾಕಿದ್ರೆ ಆಫ್ ಸ್ಥಿತೀಲಾದ್ರೂ ಜೀವ ಉಳ್ಕೊಳುತ್ತೆ. ಮತ್ತೆ ಬಲ್ಬ್ ಬದಲಾಯಿಸೋವಾಗ ಗೋಡೆ ಸ್ವಿಚ್ ಆಫ್ ಮಾಡಿದೀನಲ್ಲ ಅಂತ ಹೋಲ್ಡರಿಗೆ ಬೆರಳಿಡ್ಬೇಡಿ, ಈ ಥರದ ಸ್ವಿಚ್ಚಲ್ಲಿ ಆಫ್ ಅಂದ್ರೂ ಹೋಲ್ಡರ್ ತನಕ ಕರೆಂಟಿನ ದಾರಿ ತೆರೆದೇ ಇರುತ್ತೆ. ಡಿಬಿಲಿರೋ ಆ ಲೈನಿನ ಎಂಸಿಬಿ ಸ್ವಿಚ್ಚು ಇಳಿಸೇ ಮುಟ್ಟಿ. ಮನೇಲಿ ವಯಸ್ಸಾದವ್ರಿದ್ರೆ ಇದನ್ನ ಅವ್ರಿಗೂ ಬಿಡಿಸಿ ಹೇಳಿ, ಅಪ್ಪಾಜಿಗೆ ಸ್ವಿಚ್ ಆರಿಸಿ ಬಲ್ಬ್ ತಿರುವೋ ಅಭ್ಯಾಸ, ಬೇಡ ಅಂದ್ರೂ ಏಣಿ ತರ್ತಾರೆ.

ಮೆಟ್ಟಿಲಿಂದು ಟೂ ವೇ, ಕೆಳಗೊಂದು ಮೇಲೊಂದು ಸ್ವಿಚ್ಚು. ಇದೇ ಜಾಸ್ತಿ ತಲೆ ತಿಂದಿದ್ದು. ನಮ್ಮಲ್ಲಿ ಫೇಸ್ ಕೆಳಗಿನ ಬೋರ್ಡಿಗೆ ಬರುತ್ತೆ, ಲೈಟಿನ ವೈರು ಮೇಲಿನ ಬೋರ್ಡಿಂದ ಹೋಗುತ್ತೆ, ಎರಡರ ಮಧ್ಯೆ ಎರಡೇ ವೈರು. ಮಾಡ್ಯೂಲಿಗೆ ಫೇಸೂ ಲೈಟಿನ ವೈರೂ ಒಂದೇ ಡಬ್ಬದಲ್ಲಿ ಸಿಗ್ಬೇಕು, ಎರಡೂ ಡಬ್ಬದಲ್ಲಿ ಹಂಗ್ ಸಿಗ್ತಿರ್ಲಿಲ್ಲ. ಹುಡುಗ ಒಂದ್ ಟೀ ಕುಡಿಯೋಷ್ಟೊತ್ತು ಸುಮ್ನೆ ಕೂತು ಯೋಚ್ನೆ ಮಾಡಿ, ಕೆಳಗಿನ ಬೋರ್ಡಲ್ಲಿ ಫೇಸನ್ನ ಮಧ್ಯದ ಒಂದು ವೈರಿಗೆ ನೇರ ಕೊಟ್ಟ, ಇನ್ನೊಂದು ವೈರಿನ ಎರಡೂ ತುದಿ ಬಿಡಿಸಿ ಕನೆಕ್ಟರ್ ಹಾಕಿ ಮುಚ್ಚಿದ, ಮಾಡ್ಯೂಲ್ ಮೇಲಿನ ಬೋರ್ಡಲ್ಲಿ ಕೂರಿಸಿದ, ಕೆಳಗಡೆಗೆ ಬ್ಯಾಟರಿ ಮೇಲೆ ಓಡೋ ಜಿಗ್ಬೀ (ವೈಫೈ ತರಾನೇ, ಕಮ್ಮಿ ಕರೆಂಟಿನ ವೈರ್‌ಲೆಸ್) ಬಟನ್ ಅಂಟಿಸಿದ್ವಿ. ಈಗ ಎರಡೂ ಕಡೆಯಿಂದ ಹತ್ತುತ್ತೆ ಆರುತ್ತೆ. ಬ್ಯಾಟರಿ ಬಟನ್ನಿಗೆ ವೈರೇ ಬೇಡವಾದ್ರಿಂದ ಅಮ್ಮಂಗೆ ಕೈಗೆಟಕೋ ಕಡೆ, ಮೊದಲ ಮೆಟ್ಟಿಲ ಪಕ್ಕದಲ್ಲೇ ಹಾಕಿದ್ವಿ, ಹಳೇ ಸ್ವಿಚ್ಚಿಗಿಂತ ಅದೇ ಅವ್ರಿಗೆ ಇಷ್ಟ ಆಗೈತೆ.

ವೈಫೈನಾ ಜಿಗ್ಬೀನಾ ಅಂತ ಕೇಳೋರಿಗೆ: ನ್ಯೂಟ್ರಲ್ ಇಲ್ಲದ ಕಡೆ ಜಿಗ್ಬೀನೇ ತಗೊಳಿ. ವೈಫೈ ರೇಡಿಯೋ ಜಾಸ್ತಿ ಕರೆಂಟ್ ತಿನ್ನುತ್ತೆ, ಅಷ್ಟನ್ನ ಬಲ್ಬಿನ ಮೂಲಕ ಎಳೀಬೇಕಂದ್ರೆ ಮಿಣುಕಾಟ ಇನ್ನೂ ಜಾಸ್ತಿ. ಜಿಗ್ಬೀಗೆ ಹಬ್ ಒಂದು ಬೇಕು, ಅದು ಮೇಲ್ಖರ್ಚು. ಕಂಪ್ಯೂಟರ್ ಕೈಚಳಕ ಇರೋರು ಹೋಮ್ ಅಸಿಸ್ಟೆಂಟ್ ಅನ್ನೋ ಸಾಫ್ಟ್‌ವೇರ್ ಓಡೋ ಕಂಪ್ಯೂಟರಿಗೆ ಒಂದು ಯುಎಸ್‌ಬಿ ಡಾಂಗಲ್ ಚುಚ್ಚಿ ಮಾಡ್ಕೊಬಹುದು, ಇಂಟರ್ನೆಟ್ ಹೋದ್ರೂ ಮನೆ ಒಳಗೆ ಎಲ್ಲಾ ನಡೆಯುತ್ತೆ. ಇಲ್ಲೂ ಒಂದ್ ಕೊಕ್ಕೆ: ನ್ಯೂಟ್ರಲ್ ಇರೋ ಜಿಗ್ಬೀ ಸ್ವಿಚ್ಚು ಸಾಮಾನ್ಯವಾಗಿ ಪಕ್ಕದ ಸ್ವಿಚ್ಚಿಗೆ ಸಿಗ್ನಲ್ ದಾಟಿಸೋ ಕೆಲಸಾನೂ ಮಾಡುತ್ತೆ, ನೋ ನ್ಯೂಟ್ರಲ್‌ದು ಕರೆಂಟ್ ಉಳ್ಸೋಕೆ ಆ ಕೆಲಸ ಮಾಡಲ್ಲ. ನಮ್ಮ ಟೆರೇಸ್ ಬಾಗಿಲ ಹತ್ರ ಸಿಗ್ನಲ್ ಸಿಗ್ದೇ ಒದ್ದಾಡ್ತಿತ್ತು, ಮಧ್ಯದ ಬೆಡ್‌ರೂಮಲ್ಲಿ ನ್ಯೂಟ್ರಲ್ ಇರೋ ಮಾಡ್ಯೂಲ್ ಹಾಕಿದ್ ಮೇಲೆ ಸರಿಹೋಯ್ತು. ಅದಕ್ಕೇ ಹೇಳಿದ್ದು, ಎಲ್ಲಾ ನೋ ನ್ಯೂಟ್ರಲ್ಲೇ ಹಾಕಿದ್ರೆ ಮೆಶ್ (ಒಂದರಿಂದ ಇನ್ನೊಂದಕ್ಕೆ ಸಿಗ್ನಲ್ ದಾಟೋ ಜಾಲ) ಅನ್ನೋದೇ ಇರಲ್ಲ.

ಯುಪಿಎಸ್ ವಿಷ್ಯ ನಮ್ಮೂರಲ್ಲಿ ಬಿಡೋಕಾಗಲ್ಲ. ಬೇಸಿಗೇಲಿ ಕರೆಂಟ್ ಹೋಗಿ ಬರೋದು ಇದ್ದದ್ದೇ. ಕರೆಂಟ್ ಹೋಗಿ ಯುಪಿಎಸ್‌ಗೆ ಬದಲಾಗೋ ಕ್ಷಣದಲ್ಲಿ ಮಾಡ್ಯೂಲ್ ಕೆಲವೊಮ್ಮೆ ಕಣ್ಮುಚ್ಚಿ ಬಿಡುತ್ತೆ, ವಾಪಸ್ ಎದ್ದಾಗ ಲೈಟ್ ಏನಾಗ್ಬೇಕು ಅನ್ನೋದು ಆ್ಯಪ್ಪಿನ ಸೆಟ್ಟಿಂಗಲ್ಲಿ ಇರುತ್ತೆ: ಆನ್, ಆಫ್, ಇಲ್ಲಾ ಮುಂಚೆ ಹೆಂಗಿತ್ತೋ ಹಂಗೆ. ಮೂರನೇದನ್ನೇ ಇಡಿ, ಇಲ್ಲಾಂದ್ರೆ ನಡುರಾತ್ರೀಲಿ ಕರೆಂಟ್ ಬಂದಾಗ ಮನೆ ಪೂರ್ತಿ ಲೈಟು ಹತ್ತಿ ಎಲ್ರೂ ಎದ್ದು ಕೂರ್ತಾರೆ. ಹಬ್ಬೂ ರೌಟರೂ ಯುಪಿಎಸ್ ಲೈನಲ್ಲೇ ಇರ್ಲಿ. ಹಳೇ ಸ್ಕ್ವೇರ್ ವೇವ್ ಯುಪಿಎಸ್ ಇದ್ರೆ ಬೈಪಾಸ್ ಕೆಪಾಸಿಟರ್ ಗುಂಯ್ ಅನ್ನುತ್ತೆ, ಬಿಸಿನೂ ಆಗ್ಬಹುದು, ಸೈನ್ ವೇವ್ ಇದ್ರೇನೇ ಈ ಸಹವಾಸಕ್ಕೆ ಬನ್ನಿ.

ಫ್ಯಾನಿಗೆ ನೋ ನ್ಯೂಟ್ರಲ್ ಹಾಕಲೇಬೇಡಿ, ಮೋಟರ್ ಲೋಡಿಗೆ ಅದು ಮಾಡಿದ್ದಲ್ಲ, ಗುಂಯ್‌ಗುಟ್ಟುತ್ತೆ, ರೆಗ್ಯುಲೇಟರ್ ಜೊತೆ ಜಗಳ ಆಡುತ್ತೆ. ಗೀಸರ್ ಅಂತೂ ಯೋಚ್ನೇನೂ ಮಾಡ್ಬೇಡಿ, 2000 ವ್ಯಾಟಿನ ಗೀಸರ್ ಒಂಬತ್ತು ಆಂಪಿಯರ್ ಹತ್ರ ಎಳೀತದೆ, ಈ ಸಣ್ಣ ಮಾಡ್ಯೂಲ್ ಸುಮಾರಾಗಿ ಐದಾರು ಆಂಪಿಯರ್‌ದು.

ನ್ಯೂಟ್ರಲ್ಲೇ ಎಳೆಸಿಬಿಟ್ರೆ ಹೆಂಗೆ ಅಂತಾನೂ ಕೇಳಿದ್ದೆ. ಪೈಪಲ್ಲಿ ಜಾಗ ಇದ್ರೆ ಅದೇ ಬೆಸ್ಟು, ವೈರ್ ಎಳಿಯೋ ಸ್ಪ್ರಿಂಗ್ ಪೈಪೊಳಗೆ ಬಿಟ್ಟು ಒಂದು ಕಪ್ಪು ವೈರ್ ಎಳೆದ್ರೆ ಕೆಲಸ ಮುಗೀತು, ಬೈಪಾಸೂ ಬೇಡ ಮಿಣುಕಾಟಾನೂ ಇಲ್ಲ. ಪೋರ್ಟಿಕೋದಲ್ಲಿ ಪ್ರಯತ್ನ ಮಾಡಿದ, ಸ್ಪ್ರಿಂಗ್ ಅರ್ಧ ದಾರೀಲೇ ಸಿಕ್ಕಾಕ್ಕೊಂತು, ಸ್ಲ್ಯಾಬ್ ಹಾಕೋವಾಗ್ಲೇ ಪೈಪೊಳಗೆ ಸಿಮೆಂಟ್ ಇಳಿದಿರ್ಬೇಕು. "ಅಣ್ಣ, ಜೋರಾಗಿ ಎಳದ್ರೆ ಇರೋ ವೈರೂ ಹರೀತತೆ, ಬ್ಯಾಡ" ಅಂದ. ಬಾತ್‌ರೂಮ್ ಬೋರ್ಡಿಗೆ ಗೋಡೆ ಆಚೆಗಿರೋ ಬೆಡ್‌ರೂಮ್ ಪ್ಲಗ್ಗಿಂದ ಎಳೀಬಹುದಿತ್ತು, ಆದ್ರೆ ಅದು ಬೇರೆ ಸರ್ಕ್ಯೂಟಿನ ನ್ಯೂಟ್ರಲ್, ಒಂದು ಸರ್ಕ್ಯೂಟಿನ ಫೇಸಿಗೆ ಇನ್ನೊಂದರ ನ್ಯೂಟ್ರಲ್ ಸೇರ್ಸೋದು ತಪ್ಪು, ಎರಡಕ್ಕೂ ಬೇರೆ ಬೇರೆ ಆರ್‌ಸಿಸಿಬಿ ಇರೋ ಮನೇಲಿ ಟ್ರಿಪ್ ಆಗ್ಬಹುದು.

ಖರ್ಚಿನ ಮಾತು. ನೋ ನ್ಯೂಟ್ರಲ್ ಮಾಡ್ಯೂಲು ಸಾದಾದ್ದಕ್ಕಿಂತ ದುಬಾರಿ, ಬೈಪಾಸು ಹಬ್ಬು ಬೇರೆ ಸೇರಿದ್ರೆ ಒಂದು ಪೋರ್ಟಿಕೋ ಲೈಟಿಗೆ ಇಷ್ಟೊಂದಾ ಅನ್ಸುತ್ತೆ, ಅದಕ್ಕೇ ಇನ್ನೊಂದ್ ಮಾರ್ಕ್ಸ್ ಕಟ್. ಬರೀ ಸಂಜೆ ಲೈಟ್ ತಾನೇ ಹತ್ಬೇಕು ಅನ್ನೋದೊಂದೇ ಆಸೆ ಆಗಿದ್ರೆ ಹೋಲ್ಡರಿಗೆ ಹಾಕೋ ಸೆನ್ಸರ್ ಬಲ್ಬ್ ತುಂಬಾ ಕಮ್ಮೀಗ್ ಸಿಗುತ್ತೆ, ಅದೇ ಸಾಕು. ಆನ್‌ಲೈನಲ್ಲಿ ತರ್ಸೋರು ಫೋಟೋ ನೋಡಿ ಮರುಳಾಗ್ಬೇಡಿ, ಟರ್ಮಿನಲ್ ಹೆಸರು ನೋಡಿ, ಎನ್ ಅಂತ ಒಂದು ಟರ್ಮಿನಲ್ ಇದ್ದು ಅದು ಐಚ್ಛಿಕ ಅಂತ ಎಲ್ಲೂ ಬರ್ದಿಲ್ಲ ಅಂದ್ರೆ ಅದು ನ್ಯೂಟ್ರಲ್ ಬೇಕಾಗೋ ಮಾಲೇ, ಹೆಡ್ಡಿಂಗಲ್ಲಿ ಏನೇ ಬರ್ದಿರ್ಲಿ. ವಾಪಸ್ ತಗೊಳೋ ದಿನ ಮುಗಿಯೋದ್ರೊಳಗೆ ನಿಮ್ಮನೇ ಅತೀ ಸಣ್ಣ ವ್ಯಾಟಿನ ಬಲ್ಬಿಗೆ ಹಾಕಿ ಒಂದು ರಾತ್ರಿ ಕತ್ತಲಲ್ಲಿ ನೋಡಿ, ಹಗಲಲ್ಲಿ ಮಿಣುಕೋದು ಕಾಣಲ್ಲ.